ಕಬ್ಬಿಣ ತಾಗಿದ ಮರ

‘ಈ ಮರವನ್ನು ಕೊಂದವರು ಯಾರು?’ ಎಂದು ಕಾಲೇಜಿನ ಗೋಡೆಗೆ ಪೋಸ್ಟರ್ ಅಂಟಿಸಿದವರು ದೂಜಣ್ಣನನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಟಿಸಿರಲಿಲ್ಲ. ಕ್ಯಾಂಟೀನಿನ ಹಿಂದಿನ ಹಾಲೆ ಮರ ಒಂದೇ ಬೇಸಿಗೆಯಲ್ಲಿ ಒಣಗಿ ಹೋಗಿತ್ತು, ಕಾಂಡದ ಮೇಲೆ ಅಂಗೈಯಗಲದ ಗಾಯವಿತ್ತು. ಅವರಿಗೆ ಗೊತ್ತಿದ್ದದ್ದು ಇಷ್ಟೇ. ಚಹಾ ಮಾಡುವ ಐವತ್ತೆಂಟು ವರ್ಷದ ಮನುಷ್ಯನನ್ನು ಕರೆದು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ. ನಮ್ಮ ದೂಜಣ್ಣ ಮುಟ್ಟಿ ನೋಡಿಕೊಂಡು ಸುಮ್ಮನಾಗಲಿಲ್ಲ. ತಾನೇ ನಡೆದು ಹೋಗಿ ಹೆಗಲು ತೋರಿಸಿ ಬಂದ.

ಅವನು ಯಾಕೆ ಹಾಗೆ ಮಾಡಿದ ಎಂದು ತಿಳಿಯಬೇಕಾದರೆ ಅವನಿಗೂ ಆ ಮರಕ್ಕೂ ಇದ್ದ ನಂಟು ತಿಳಿಯಬೇಕು.

ದೂಜ ಮೂಲ್ಯ ಕಾರ್ಕಳದ ಕಡೆಯವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಘಾಟ್ಕೋಪರಿನ ಈ ಕಾಲೇಜಿನ ಕ್ಯಾಂಟೀನು ಸೇರಿದ. ಆಗ ಕ್ಯಾಂಟೀನು ನಡೆಸುತ್ತಿದ್ದವರು ದೊಡ್ಡ ಶೆಟ್ಟರು, ಈಗ ಅವರ ಮಗ ಹಿತೇಶ್. ಮೂವತ್ತೊಂಬತ್ತು ವರ್ಷಗಳಲ್ಲಿ ಶೆಟ್ಟರು ಬದಲಾದರು, ಪ್ರಿನ್ಸಿಪಾಲರು ಒಂಬತ್ತು ಮಂದಿ ಬಂದು ಹೋದರು, ಬಟಾಟೆವಡೆಯ ಗಾತ್ರ ಅರ್ಧಕ್ಕಿಳಿಯಿತು. ಬದಲಾಗದೆ ಉಳಿದದ್ದು ದೂಜಣ್ಣನ ಚಹಾ ಮತ್ತು ಅವನ ಲೋಕಲ್. ಆಂಟಾಪ್ ಹಿಲ್‌ನ ಚಾಳಿನಿಂದ ಸಾಯನ್ ಸ್ಟೇಷನ್ನಿಗೆ ನಡೆದು ಬಂದು ಬೆಳಗಿನ ಐದೂಕಾಲರ ಗಾಡಿ ಹತ್ತಿದನೆಂದರೆ ಸೂರ್ಯ ಹುಟ್ಟುವ ಮೊದಲೇ ಅವನ ಒಲೆ ಹೊತ್ತಿರುತ್ತಿತ್ತು.

ಅವನು ಬಂದ ಮರುವರ್ಷ ವನಮಹೋತ್ಸವಕ್ಕೆಂದು ಕಾಲೇಜಿನವರು ಹತ್ತು ಸಸಿ ನೆಟ್ಟರು. ಫೋಟೋ ತೆಗೆಸಿಕೊಂಡು ಕೈ ತೊಳೆದುಕೊಂಡರು. ಬೇಸಿಗೆ ಬರುವಷ್ಟರಲ್ಲಿ ಒಂಬತ್ತು ಸತ್ತವು. ಹತ್ತನೆಯದು ಅಡಿಗೆಮನೆಯ ಹಿಂಬಾಗಿಲ ಪಕ್ಕದಲ್ಲಿತ್ತು. ಇಡ್ಲಿಯ ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲುವ ಬದಲು ದೂಜಣ್ಣ ಅದರ ಬುಡಕ್ಕೆ ಹೊಯ್ಯುತ್ತಿದ್ದ. ಪರಿಸರ ಪ್ರೇಮವೆಂದು ತಿಳಿಯಬೇಡಿ, ಮೋರಿ ನಾಲ್ಕು ಹೆಜ್ಜೆ ಆಚೆಗಿತ್ತು, ಅಷ್ಟೇ. ಪ್ರೇಮ ಆಮೇಲೆ ಬಂತು. ಸಸಿ ಎದೆಯೆತ್ತರಕ್ಕೆ ಬಂದಾಗ ಒಂದು ದಿನ ಎಲೆ ಎಣಿಸಿದ. ಒಂದೇ ತೊಟ್ಟಿನ ಸುತ್ತ ಏಳು. ಚಿವುಟಿದ. ಬಿಳಿ ಹಾಲು ಒಸರಿತು. ಅಯ್ಯೋ, ಇದು ನಮ್ಮ ಪಾಲೆ ಮರ! ಊರಿನ ನೆರೆಮನೆಯವನು ದಾದರ್ ಸ್ಟೇಷನ್ನಿನ ಜಂಗುಳಿಯಲ್ಲಿ ಎದುರಾದ ಹಾಗಾಯಿತು ಅವನಿಗೆ. ಯಾರಿಗಾದರೂ ಹೇಳಬೇಕೆನಿಸಿ ಒಳಗೆ ಓಡಿ, ಹಿಟ್ಟು ರುಬ್ಬುತ್ತಿದ್ದವನಿಗೆ ಹೇಳಿದ. ಆತ ಬಿಹಾರದವನು, ನಕ್ಕು ಸುಮ್ಮನಾದ.

ತುಳುನಾಡಿನವರಿಗೆ ಈ ಪಾಲೆ, ಅಂದರೆ ಹಾಲೆ ಮರ ಯಾಕೆ ಬೇಕೆಂದರೆ, ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆಯಂದು ಖಾಲಿ ಹೊಟ್ಟೆಯಲ್ಲಿ ಅದರ ತೊಗಟೆಯ ರಸ ಕುಡಿಯುವುದು ಅವರ ಪದ್ಧತಿ. ವಿಷದಷ್ಟು ಕಹಿ. ಓಮ, ಬೆಳ್ಳುಳ್ಳಿ, ಕರಿಮೆಣಸು ಅರೆದು ಸೇರಿಸಿದರೂ ಕಹಿಯೇ. ಆ ಒಂದು ಬೆಳಗ್ಗೆ ಆ ಮರದಲ್ಲಿ ಸಾವಿರದೊಂದು ಔಷಧಿ ಇಳಿದಿರುತ್ತದೆ, ಕುಡಿದವನಿಗೆ ವರ್ಷಪೂರ್ತಿ ರೋಗವಿಲ್ಲ ಎಂದು ಹಿರಿಯರ ಮಾತು. ತೊಗಟೆ ತೆಗೆಯುವುದಕ್ಕೂ ನಿಯಮವಿದೆ. ಹಿಂದಿನ ಸಂಜೆ ಮರದ ಅಪ್ಪಣೆ ಕೇಳಬೇಕು. ಸೂರ್ಯ ಕಾಣುವ ಮೊದಲು, ಯಾರೊಡನೆಯೂ ಮಾತಾಡದೆ, ಅದರ ಬುಡದ ಹತ್ತಿರವೇ ಸಿಕ್ಕ ಕಲ್ಲಿನಿಂದ ಜಜ್ಜಿ ಅಂಗೈಯಷ್ಟು ತೊಗಟೆ ಎಬ್ಬಿಸಬೇಕು. ಮುಖ್ಯ ಮಾತೆಂದರೆ ಕಬ್ಬಿಣ ತಾಗಿಸಬಾರದು. ತಾಗಿಸಿದರೆ ಔಷಧಿ ವಿಷವಾಗುತ್ತದೆ, ಮರ ಮುನಿಯುತ್ತದೆ.

ಮರ ದಪ್ಪವಾದ ಮೇಲೆ ದೂಜಣ್ಣ ವರ್ಷಕ್ಕೊಂದು ಬೆಳಗ್ಗೆ ದೊಡ್ಡ ಮನುಷ್ಯನಾದ. ಆಂಟಾಪ್ ಹಿಲ್‌ನ ಇಪ್ಪತ್ತು ಮನೆಗಳು, ಹೋಟೆಲುಗಳ ಅಡಿಗೆಯವರು, ಘಾಟ್ಕೋಪರಿನ ಬ್ಯಾಂಕಿನವರು, ಎಲ್ಲರೂ ಅವನ ದಾರಿ ಕಾಯುತ್ತಿದ್ದರು. ವರ್ಷವಿಡೀ “ಏ ದೂಜ, ದೋ ಕಟಿಂಗ್ ಚಾಯ್” ಎಂದು ಕೂಗುತ್ತಿದ್ದವರೇ ಅಂದು “ದೂಜಣ್ಣ, ಸ್ವಲ್ಪ ನಮಗೂ ಇಡಿ ಮಾರಾಯ್ರೆ” ಎನ್ನುತ್ತಿದ್ದರು. ಅವನು ಒಂದೊಂದು ವರ್ಷ ಒಂದೊಂದು ಕಡೆಯಿಂದ, ಬೇಕಾದಷ್ಟೇ ತೆಗೆದು, ಗಾಯಕ್ಕೆ ಮಣ್ಣು ಮೆತ್ತಿ ಬರುತ್ತಿದ್ದ. ಹಳೆಯ ಗಾಯಗಳೆಲ್ಲ ಮುಚ್ಚಿ ಕಾಂಡದ ಮೇಲೆ ಮುದುಕರ ಮೊಣಕೈಯಂತೆ ಉಬ್ಬುಗಳಾಗಿದ್ದವು.

ಇನ್ನು ಕಾಲೇಜಿನ ಹಸಿರು ಜಾಗೃತಿಯ ವಿಷಯ. ಮೂರು ವರ್ಷದ ಹಿಂದೆ ವಿನೋದಿನಿ ಮೇಡಂ ಪ್ರಿನ್ಸಿಪಾಲರಾಗಿ ಬಂದರು. ಹೊರಗಿನಿಂದ ತಪಾಸಣೆಯವರು ಬಂದು ಕಾಲೇಜಿಗೆ ಹಸಿರು ದರ್ಜೆ ಕೊಡುವುದಿತ್ತು. ಅದಕ್ಕಾಗಿ ಒಂದು ಸಮಿತಿಯಾಯಿತು, ಸಸ್ಯಶಾಸ್ತ್ರದ ಸತ್ಯಮೂರ್ತಿ ಸರ್ ಅದರ ಸಂಚಾಲಕರು. ವಿದ್ಯಾರ್ಥಿಗಳದ್ದು ಇಕೋ ಕ್ಲಬ್, ಅದಕ್ಕೆ ನಿಶಾ ಎಂಬ ಹುಡುಗಿ ಅಧ್ಯಕ್ಷೆ. ಎಲ್ಲವೂ ಬೂಟಾಟಿಕೆ ಎಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಕ್ಯಾಂಟೀನಿನಿಂದ ಪ್ಲಾಸ್ಟಿಕ್ ಕಪ್ಪು ಹೋಗಿ ಗಾಜಿನ ಗ್ಲಾಸು ವಾಪಸು ಬಂತು. ತೊಳೆಯುವ ಕೆಲಸ ಹೆಚ್ಚಿದರೂ ದೂಜಣ್ಣನಿಗೆ ಅದು ಸಂತೋಷವೇ. ಉಳಿದ ಅನ್ನ, ತರಕಾರಿ ಸಿಪ್ಪೆ ಗೊಬ್ಬರದ ಡ್ರಮ್ಮಿಗೆ ಬಿದ್ದವು. ನಿಶಾ ದಿನಾ ಬಂದು ಡ್ರಮ್ಮಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡೇ ಕೈಯಾಡಿಸುತ್ತಿದ್ದಳು. ಮನಸ್ಸಿಟ್ಟು ಮಾಡುವ ಹುಡುಗಿ.

ಕೆಟ್ಟದ್ದಾದದ್ದು ‘ಹಸಿರು ಅಂಗಳ’ದಿಂದ. ಹೋದ ವರ್ಷದ ಮೇ ರಜೆಯಲ್ಲಿ, ಕ್ಯಾಂಟೀನು ಮುಚ್ಚಿ ದೂಜಣ್ಣ ಊರಿಗೆ ಹೋಗಿದ್ದಾಗ, ಹಿಂದಿನ ಅಂಗಳಕ್ಕೆಲ್ಲ ಸಿಮೆಂಟಿನ ಪೇವರ್ ಬ್ಲಾಕ್ ಹಾಸಿದರು. ಅವನು ಬರುವಾಗ ಮಣ್ಣೆಂಬುದೇ ಇರಲಿಲ್ಲ. ಮರದ ಕಾಂಡಕ್ಕೆ ತಾಗಿಯೇ ಸಿಮೆಂಟಿನ ಕಟ್ಟೆ, ಅದಕ್ಕೆ ಹಸಿರು ಬಣ್ಣ. ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ ಬೆಂಚುಗಳು. ಕಾಂಡಕ್ಕೆ ಕಟ್ಟಿದ ಫಲಕದಲ್ಲಿ ಕಪ್ಪು ಚುಕ್ಕಿಗಳ ಚೌಕ. ಫೋನು ಹಿಡಿದರೆ ಮರದ ಹೆಸರು, ವಂಶ, ವರ್ಷಕ್ಕೆ ಎಷ್ಟು ಆಮ್ಲಜನಕ ಕೊಡುತ್ತದೆ ಎಂಬುದನ್ನೆಲ್ಲ ಹೇಳುತ್ತಿತ್ತು. ಅದಕ್ಕೆ ನೀರು ಯಾರು ಕೊಡುತ್ತಾರೆಂದು ಮಾತ್ರ ಹೇಳುತ್ತಿರಲಿಲ್ಲ.

ದೂಜಣ್ಣ ಮೊದಲ ದಿನ ಎಂದಿನಂತೆ ಅಕ್ಕಿ ತೊಳೆದ ನೀರು ಹೊಯ್ದ. ಅದು ಬುಡಕ್ಕಿಳಿಯದೆ ಬ್ಲಾಕುಗಳ ಮೇಲೆ ಹರಿದು, ಒಬ್ಬ ವಿದ್ಯಾರ್ಥಿ ಜಾರಿ ಬಿದ್ದ. ಹಿತೇಶ್ ಬಂದು, “ದೂಜಣ್ಣ, ಇನ್ನು ಮೋರಿಗೇ ಚೆಲ್ಲಿ. ನನಗೆ ಆಫೀಸಿನಿಂದ ಬೈಗಳು” ಎಂದ. ಅಂದಿನಿಂದ ಮೂವತ್ತೇಳು ವರ್ಷದ ಅಕ್ಕಿನೀರು ನಿಂತಿತು.

ಆ ವರ್ಷ ಆಟಿ ಅಮಾವಾಸ್ಯೆ ಬಂತು. ಹಿಂದಿನ ಸಂಜೆ ದೂಜಣ್ಣ ಮರದ ಅಪ್ಪಣೆ ಕೇಳಿ ಹೋಗಿದ್ದ. ಬೆಳಗ್ಗೆ ಬಂದು ಕಲ್ಲಿಗಾಗಿ ಬಗ್ಗಿ ನೋಡಿದರೆ ಕಲ್ಲೇ ಇಲ್ಲ. ಮೊದಲೆಲ್ಲ ಕಂಪೌಂಡಿನ ಬದಿಯಲ್ಲಿ ಎಷ್ಟು ಬೇಕಾದರೂ ಸಿಗುತ್ತಿತ್ತು, ಈಗ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಹಾಸು. ಹಿಂದಿನ ಗೇಟಿನವರೆಗೆ ಹುಡುಕಿದ. ಮುಂದಿನ ಅಂಗಳದಲ್ಲಿ ಕಲ್ಲಿತ್ತು, ಆದರೆ ಅದು ಈ ಬುಡದ್ದಲ್ಲ. ಕಾವಲಿನವನು “ಕ್ಯಾ ಢೂಂಢ್ ರಹೇ ಹೋ ಚಾಚಾ?” ಎಂದು ಕೇಳಿದ. ಮಾತಾಡಬಾರದು, ಸುಮ್ಮನೆ ತಲೆಯಾಡಿಸಿದ. ಒಂದು ಬ್ಲಾಕನ್ನೇ ಎಬ್ಬಿಸೋಣವೆಂದರೆ ಅದು ಏಳಲಿಲ್ಲ. ಎದ್ದರೂ ಸಿಮೆಂಟು ಕಲ್ಲಾದೀತೆ? ಮೂಡಣ ಬೆಳ್ಳಗಾಗುತ್ತ ಬಂತು. ಇಪ್ಪತ್ತು ಮನೆಯವರು ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದಾರೆ. ದೂಜಣ್ಣ ಅಡಿಗೆಮನೆಗೆ ಹೋಗಿ ತೆಂಗಿನಕಾಯಿ ಒಡೆಯುವ ಕತ್ತಿ ತಂದ. ಕಣ್ಣು ಮುಚ್ಚಿ, ತಪ್ಪಾಯಿತು ಎಂದು ಮನಸ್ಸಿನಲ್ಲೇ ಹೇಳಿ, ಕತ್ತಿಯ ಬೆನ್ನಿನಿಂದ ಜಜ್ಜಿದ. ಗಾಯಕ್ಕೆ ಮೆತ್ತಲು ಬುಡದಲ್ಲಿ ಮಣ್ಣೂ ಇರಲಿಲ್ಲ. ಇಡ್ಲಿ ಹಿಟ್ಟು ಮೆತ್ತಿ ಬಂದ.

ಯಾರಿಗೂ ಹೇಳಲಿಲ್ಲ. ಹೆಂಡತಿ ಪ್ರಫುಲ್ಲಾಗೂ ಹೇಳಲಿಲ್ಲ. ಎಲ್ಲರೂ ರಸ ಕುಡಿದರು, ಮೇಲೆ ಮೆಂತೆ ಗಂಜಿ ಉಂಡರು, ಯಾರಿಗೂ ಏನೂ ಆಗಲಿಲ್ಲ. ಹದಿನೈದು ದಿನ ಅವನು ಒಬ್ಬೊಬ್ಬರ ಮುಖ ನೋಡುತ್ತ ಅವರ ಹೊಟ್ಟೆಯ ಸೌಖ್ಯ ವಿಚಾರಿಸುತ್ತಿದ್ದ. ಈ ಮುದುಕನಿಗೆ ಎಂಥ ಕಾಳಜಿ ಎಂದು ಅವರೆಂದುಕೊಂಡರು.

ಈ ವರ್ಷದ ಮಾರ್ಚಿನಲ್ಲಿ ಎಲೆ ಹಳದಿಯಾಯಿತು. ವರ್ಷವಿಡೀ ಹಸಿರಾಗಿರುವ ಮರ ಅದು. ಏಪ್ರಿಲಿನಲ್ಲಿ ತುದಿಯ ಕೊಂಬೆಗಳು ಬೋಳಾದವು, ತಿಂಗಳ ಕೊನೆಗೆ ಕಾಗೆ ಕೂತರೆ ಚಕ್ಕೆ ಉದುರುತ್ತಿತ್ತು. ಚಹಾ ಸೋಸುವಾಗ ದೂಜಣ್ಣನ ಕಣ್ಣು ಹಿಂಬಾಗಿಲ ಕಡೆಗೇ. ಸೋಸಣಿಗೆ ತಪ್ಪಿ ಚಹಾ ಕೈಮೇಲೆ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಊಟ ಕಡಿಮೆಯಾಯಿತು. ನಾನೇ ಕೊಂದೆನೆ? ಈ ಒಂದು ಪ್ರಶ್ನೆ ಅವನ ಒಳಗೆ ಕೂತು ಅಲ್ಲಿಂದ ಏಳಲೊಲ್ಲದು. ಉತ್ತರವೂ ಅವನೇ ಕೊಟ್ಟುಕೊಂಡಿದ್ದ. ಕಬ್ಬಿಣ ತಾಗಿಸಿದವನು ನಾನು, ಮತ್ತೆ ಇನ್ನಾರು?

ಅಷ್ಟರಲ್ಲಿ ಆ ಪೋಸ್ಟರ್ ಬಂತು. ಕಾಂಡದ ಗಾಯದ ದೊಡ್ಡ ಫೋಟೋ, ಕೆಳಗೆ ಕೆಂಪು ಅಕ್ಷರ. ಅದನ್ನು ಮೂರು ದಿನ ನೋಡಿದ. ನಾಲ್ಕನೆಯ ದಿನ ಗೊಬ್ಬರದ ಡ್ರಮ್ಮಿನ ಹತ್ತಿರ ನಿಶಾ ಒಬ್ಬಳೇ ಇದ್ದಾಗ ಹೋಗಿ ನಿಂತ.

“ಮಗಾ, ಆ ಮರವನ್ನು ಕೊಂದದ್ದು ನಾನು.”

ನಿಶಾ ಮುಚ್ಚಳ ಕೆಳಗಿಟ್ಟು ತಿರುಗಿದಳು. ಅವಳ ಅಪ್ಪನ ಊರು ಉಡುಪಿಯ ಹತ್ತಿರ. ಆದರೆ ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. “ಅಂಕಲ್, ಏನ್ ಬೋಲ್ತಾ ಇದ್ದೀರಿ? ನೀವು? ಕ್ಯೂಂ?”

ದೂಜಣ್ಣ ಎಲ್ಲವನ್ನೂ ಹೇಳಿದ. ಆಟಿ, ಅಪ್ಪಣೆ, ಕಲ್ಲು ಸಿಗದೆ ಹೋದದ್ದು, ಕತ್ತಿ. ಅವಳಿಗೆ ಅರ್ಧ ಅರ್ಥವಾಯಿತು. ಅವನಿಗೆ ಅಳು ಬಂದದ್ದು ಮಾತ್ರ ಪೂರ್ತಿ ಅರ್ಥವಾಯಿತು. ಪಾಪ, ಅವಳ ಕಣ್ಣಲ್ಲೂ ನೀರು ಬಂತು. ಮರ ಕಡಿಯಲು ಅರ್ಜಿ ಹಾಕುವಾಗ ಅದು ಸತ್ತದ್ದು ಯಾಕೆಂದು ಬರೆಯಬೇಕಂತೆ, ಒಂದು ಪತ್ರ ಬರೆದುಕೊಟ್ಟರೆ ಮೇಡಂ ಖಂಡಿತ ಕ್ಷಮಿಸುತ್ತಾರೆ ಎಂದಳು. “ಆಪ್ ಬೋಲಿಯೇ, ನಾನು ಇಂಗ್ಲಿಷ್‌ನಲ್ಲಿ ಲಿಖ್ತೀನಿ.”

“ಕಬ್ಬಿಣ ತಾಗಿಸಬಾರದಿತ್ತು, ತಾಗಿಸಿದೆ. ಅದರಿಂದ ಮರ ಹೋಯಿತು. ಹಾಗೆಂದು ಬರಿ.”

ಅವಳು ಬರೆದಳು.

“ಕಬ್ಬಿಣ ಅಂತ ಬರೆದಿಯಾ?”

“ಹಾಂ ಅಂಕಲ್, ಬರೆದೆ. ಐರನ್.”

ಅವನಿಗೆ ಸಮಾಧಾನವಾಯಿತು. ಓದಲು ಬಾರದ ಆ ಕಾಗದದ ಕೆಳಗೆ ಕನ್ನಡದಲ್ಲಿ ‘ದೂಜ ಮೂಲ್ಯ’ ಎಂದು ರುಜು ಹಾಕಿದ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ಆ ದಿನ ಪ್ರಫುಲ್ಲಾ ಮಾಡಿದ ಬಂಗುಡೆ ಸಾರಿನಲ್ಲಿ ಎರಡು ಸಲ ಅನ್ನ ಕಲಸಿಕೊಂಡ.

ಕಾಲೇಜಿನವರು ಕ್ಷಮಿಸಿದರು. ಎಷ್ಟು ಕ್ಷಮಿಸಿದರೆಂದರೆ ಜೂನ್ ಐದರ ಪರಿಸರ ದಿನದಂದು ಅವನನ್ನು ವೇದಿಕೆಗೇ ಕರೆದರು. ಪ್ರಫುಲ್ಲಾ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು ಹೋಗಿ ನಿಂತ. “ತಪ್ಪು ಮಾಡಿದೆ, ಇನ್ನು ಯಾರೂ ಮಾಡಬೇಡಿ” ಎಂದು ಹಿಂದಿಯಲ್ಲಿ ಹೇಳಿದ. ಇನ್ನೂರು ಮಂದಿ ಚಪ್ಪಾಳೆ ತಟ್ಟಿದರು, ಇನ್ನೂರು ಫೋನುಗಳು ಮೇಲೆದ್ದವು. ಜಾಗೃತಿಯೆಂದರೆ ಇದು, ಕ್ಯಾಂಟೀನಿನ ಕೆಲಸದವರ ಮಟ್ಟಕ್ಕೂ ಇಳಿಯಬೇಕು ಎಂದು ವಿನೋದಿನಿ ಮೇಡಂ ಹೇಳಿ ಅವನ ಕೈಗೆ ಬಟ್ಟೆಚೀಲದಲ್ಲಿ ಒಂದು ಮನಿ ಪ್ಲಾಂಟ್ ಕೊಟ್ಟರು. ಇಳಿದು ಬರುವಾಗ ಮೆಟ್ಟಿಲ ಹತ್ತಿರ ಕೂತಿದ್ದ ಸತ್ಯಮೂರ್ತಿ ಸರ್‌ಗೆ ನಮಸ್ಕಾರ ಹೇಳಿದ. ದಿನಾ ಎರಡು ಗ್ಲಾಸು ಚಹಾ ಕುಡಿದು, ಮೈಸೂರಿನ ನೀರಿನ ಗುಣ ಹೊಗಳಿ ಹೋಗುವ ಮನುಷ್ಯ ಅಂದು ಅವನ ಮುಖ ನೋಡಲಿಲ್ಲ. ನಾಚಿಕೆಯಾಗಿರಬೇಕು ನನ್ನ ಬಗ್ಗೆ, ಎಂದುಕೊಂಡ ದೂಜಣ್ಣ.

ಮುಂದಿನ ವಾರ ಮರ ಕಡಿಯಲು ಗುತ್ತಿಗೆದಾರನ ಆಳುಗಳು ಬಂದರು. ಅವರ ಮುಖ್ಯಸ್ಥ ಶಂಕ್ರೆಪ್ಪ, ಬಾಗಲಕೋಟೆ ಕಡೆಯವನು, ಧಾರಾವಿಯಲ್ಲಿ ವಾಸ. ಮೇಲಿನದನ್ನೆಲ್ಲ ಇಳಿಸಿ ಆದ ಮೇಲೆ ಬೊಡ್ಡೆ ಕೀಳಲು ಸಿಮೆಂಟಿನ ಕಟ್ಟೆ ಒಡೆದರು. ದೂಜಣ್ಣ ಒಲೆ ಸಣ್ಣದು ಮಾಡಿ ಅವರಿಗೆಲ್ಲ ಚಹಾ ಒಯ್ದು ಕೊಟ್ಟ. ಕೊಟ್ಟು ಅಲ್ಲೇ ನಿಂತ, ಹೆಣದ ಮನೆಯಲ್ಲಿ ನಿಂತ ಹಾಗೆ.

“ಯಾಕ ಕಾಕಾ, ಮಾರಿ ಸಪ್ಪಗ ಮಾಡೀರಿ?” ಶಂಕ್ರೆಪ್ಪ ಕೇಳಿದ.

“ನಾನೇ ಕೊಂದದ್ದು ಮಾರಾಯ ಇದನ್ನು. ಅಲ್ಲಿ, ಆ ಗಾಯ ನೋಡು. ಕಬ್ಬಿಣ ತಾಗಿಸಿದೆ.”

ಶಂಕ್ರೆಪ್ಪ ಉರುಳಿಸಿದ ಕಾಂಡದ ಹತ್ತಿರ ಹೋಗಿ ಗಾಯದ ಮೇಲೆ ಹೆಬ್ಬೆರಳು ಆಡಿಸಿದ. ಅವನಿಗೆ ನಗು ಬಂತು. “ಇದಕ್ಕ ಗಿಡಾ ಸಾಯ್ತತೇನ್ರಿ? ಇದು ಮಾಯಾಕ ಹತ್ತಿದ ಗಾಯ. ಸುತ್ತ ಹೊಸಾ ತೊಗಲು ಬಂದೈತಿ ನೋಡ್ರಿ. ಸಾಯೂದು ಇಲ್ಲಿಂದಲ್ಲ, ಕೆಳಗ ಬರ್ರಿ.”

ಅವನು ಗುಂಡಿಗೆ ಇಳಿದು ಕೈ ತೋರಿಸಿದ. ಬ್ಲಾಕಿನ ಅಡಿಯಲ್ಲಿ ಅರ್ಧ ಅಡಿ ಕಾಂಕ್ರೀಟು. ಅದರ ಅಡಿಯಲ್ಲಿ ತೊಡೆಗಾತ್ರದ ಬೇರುಗಳು ಒಂದೇ ಮಟ್ಟದಲ್ಲಿ ಚಕ್ಕನೆ ತುಂಡಾಗಿದ್ದವು. ತುಂಡಾದ ಬಾಯಿಗಳು ಕಪ್ಪಾಗಿ ಕೊಳೆತು ನಾರುತ್ತಿದ್ದವು. ಕಾಂಡದ ಬುಡದಲ್ಲಿ ಸಿಮೆಂಟು ಒತ್ತಿದ ಕಡೆಯೆಲ್ಲ ತೊಗಟೆ ಬೆಂದ ಹಾಗೆ ಕಳಚಿ ಬರುತ್ತಿತ್ತು.

“ನೆಲ ಮಟ್ಟ ಮಾಡೂ ಮುಂದ ಜೆಸಿಬಿ ಹಚ್ಚ್ಯಾರ, ಬೇರು ಕಡದಾರ. ಮ್ಯಾಲ ಕಾಂಕ್ರೀಟ್ ಸುರವಿ ಕುತ್ತಿಗಿ ಹಿಚುಕ್ಯಾರ. ಒಂದ್ ಹನಿ ನೀರು ಹೋಗಾಕ ಹಾದಿ ಇಲ್ಲ. ಹೋದ ವರ್ಷಾನ ಸತ್ತೈತ್ರಿ ಇದು, ಗೊತ್ತಾಗಾಕ ಇಷ್ಟ್ ದಿನ ಹಿಡೀತು. ಕಬ್ಬಿಣ ಅಂತೀರಲ್ಲ, ನಿಮ್ಮ ಕತ್ತಿಗಿಂತ ಮೊದಲ ಬಿದ್ದೈತಿ ಕಬ್ಬಿಣ.”

ದೂಜಣ್ಣ ಗುಂಡಿಯ ಅಂಚಿನಲ್ಲಿ ಕೂತ. ಸಂತೋಷವಾಗಬೇಕಿತ್ತು. ನಾನು ಕೊಲ್ಲಲಿಲ್ಲ, ನಾನು ಕೊಲ್ಲಲಿಲ್ಲ ಎಂದು ಒಳಗೊಳಗೇ ಎರಡು ಸಲ ಹೇಳಿಕೊಂಡ. ಆಗಿದ್ದು ಸಂತೋಷವಲ್ಲ, ಸಿಟ್ಟು. ಜನ್ಮದಲ್ಲಿ ಯಾರ ಮೇಲೂ ಸಿಟ್ಟು ಮಾಡಿ ಅಭ್ಯಾಸವಿಲ್ಲದ ಮನುಷ್ಯನಿಗೆ ಅದನ್ನು ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು, ಸರಿ. ಆದರೆ ಇಲ್ಲಿ ಎಮ್ಮೆಯೇ ಹೋಗಿ ಬೆನ್ನು ಕೊಟ್ಟಿತ್ತಲ್ಲ! ಕೊಳೆತ ಬೇರಿನ ತುಂಡೊಂದನ್ನು ಹಳೆ ಪೇಪರಿನಲ್ಲಿ ಸುತ್ತಿಕೊಂಡು ಅವನು ಎರಡನೆಯ ಮಹಡಿಗೆ, ಸಸ್ಯಶಾಸ್ತ್ರ ವಿಭಾಗಕ್ಕೆ ಹತ್ತಿ ಹೋದ.

ಸತ್ಯಮೂರ್ತಿ ಸರ್ ಒಬ್ಬರೇ ಇದ್ದರು. ಮೇಜಿನ ಮೇಲೆ ಪೊಟ್ಟಣ ಬಿಚ್ಚಿದೊಡನೆ ಕನ್ನಡಕ ತೆಗೆದರು. ಅದೇನೆಂದು ಕೇಳಲಿಲ್ಲ.

“ನಿಮಗೆ ಗೊತ್ತಿತ್ತಾ ಸರ್?”

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. “ಗೊತ್ತಿತ್ತು ದೂಜಣ್ಣ. ಮರದ ಸುತ್ತ ನಾಲ್ಕಡಿ ಮಣ್ಣು ಬಿಡ್ಬೇಕು ಅಂತ ಮೊದ್ಲೇ ಹೇಳಿದ್ದೆ. ಫೋಟೋದಲ್ಲಿ ನೀಟಾಗಿ ಕಾಣಲ್ಲ ಅಂದ್ರು ಮೇಡಂ. ನಾನೂ ಸೈನ್ ಹಾಕ್ದೆ.”

“ಹಾಗಾದರೆ ನಾನು ಕಾಗದ ಕೊಟ್ಟಾಗ ಯಾಕೆ ಸುಮ್ಮನಿದ್ದದ್ದು?”

ಸತ್ಯಮೂರ್ತಿ ಸರ್ ಕೆಟ್ಟವರಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಜಾತಿಯವರು. ಈ ಜಾತಿಯವರ ಕೈಯಲ್ಲಿ ಹಾವು ಸತ್ತದ್ದನ್ನು ಯಾರೂ ಕಂಡಿಲ್ಲ. ಅವರು ಕನ್ನಡಕ ಒರೆಸಿ ಹಾಕಿಕೊಂಡರು. “ಏಪ್ರಿಲ್‌ನಲ್ಲಿ ಮರ ಒಣಗಕ್ಕೆ ಶುರುವಾದಾಗ ಧೈರ್ಯ ಮಾಡಿ ಒಂದು ಟಿಪ್ಪಣಿ ಬರೆದೆ. ಇದು ನೆಲಹಾಸಿನಿಂದ ಆಗಿರ್ಬೋದು, ಮುಂದಿನ ಅಂಗಳಕ್ಕೆ ಹಾಸೋದು ಬೇಡ ಅಂತ. ಆಡಳಿತ ಮಂಡಳಿಯವರು ಎರಡನೇ ಹಂತದ ಕೆಲಸ ನಿಲ್ಲಿಸಿದ್ರು. ಮೇಡಂಗೆ ನನ್ಮೇಲೆ ಕೋಪ. ಎಂಟು ತಿಂಗಳಿಗೆ ನನ್ನ ರಿಟೈರ್ಮೆಂಟು, ನಿದ್ದೆ ಬರ್ತಿರ್ಲಿಲ್ಲ. ಅಷ್ಟರಲ್ಲಿ ನಿಮ್ಮ ಪತ್ರ ಬಂತು. ಸುಳ್ಳು ಹೇಳಲ್ಲ ದೂಜಣ್ಣ, ಅದನ್ನ ಓದಿ ನನಗೆ ಹಾಯ್ ಅನ್ನಿಸ್ತು.”

“ಅದರಲ್ಲಿ ಎಂತ ಬರೆದದ್ದುಂಟು? ನನಗೆ ಓದಿ ಹೇಳಿ.”

ಅವರು ಕಡತ ತೆಗೆದು ಒಂದೊಂದೇ ವಾಕ್ಯ ಕನ್ನಡ ಮಾಡಿ ಹೇಳಿದರು. ನಾನು ಹಲವು ವರ್ಷಗಳಿಂದ ಕಬ್ಬಿಣದ ಆಯುಧದಿಂದ ಕಾಲೇಜಿನ ಮರದ ತೊಗಟೆಯನ್ನು ಕಡಿದು ಮಾರಾಟ ಅಥವಾ ಹಂಚಿಕೆ ಮಾಡಿದ್ದೇನೆ. ಮರದ ಸಾವಿಗೆ ನಾನೇ ಕಾರಣ. ಆಟಿಯ ಮಾತು ಅದರಲ್ಲಿ ಇರಲಿಲ್ಲ. ಕಲ್ಲಿನ ಮಾತು ಇರಲಿಲ್ಲ. ಹುಡುಗಿ ಮೋಸ ಮಾಡಿದಳೆನ್ನುವಂತಿಲ್ಲ. ಅವಳ ಕಿವಿಗೆ ಎಷ್ಟು ಬಿತ್ತೋ ಅಷ್ಟನ್ನು ಕಚೇರಿಯ ಭಾಷೆಗೆ ಇಳಿಸಿದ್ದಳು. ಕಬ್ಬಿಣ ತಾಗುವುದೆಂದರೆ ಏನೆಂದು ಇಂಗ್ಲಿಷಿಗೆ ಹೇಗೆ ಗೊತ್ತಾಗಬೇಕು?

“ಅದನ್ನು ನನಗೆ ವಾಪಸು ಕೊಡಿ ಸರ್.”

“ಸಮಿತಿಯ ವರದಿಗೆ ಸೇರಿಹೋಗಿದೆ. ವರದಿ ಮಂಡಳಿಗೆ ಹೋಗಿಯೂ ಆಯ್ತು.”

“ಹಾಗಾದರೆ ಇನ್ನೊಂದು ಬರೆಯಿರಿ. ನಾನು ಕೊಂದದ್ದಲ್ಲ, ಸಿಮೆಂಟು ಕೊಂದದ್ದು ಅಂತ. ನಾನು ಸೈನ್ ಹಾಕ್ತೇನೆ. ನೀವೂ ಹಾಕಿ.”

ಸತ್ಯಮೂರ್ತಿ ಸರ್ ಪೇಪರಿನಲ್ಲಿ ಬೇರನ್ನು ಮತ್ತೆ ಸುತ್ತತೊಡಗಿದರು. “ನೀವು ಸ್ಟೇಜ್ ಮೇಲೆ ನಿಂತು ಹೇಳಿದ್ದೀರಿ. ಅದರ ವಿಡಿಯೋ ಕಾಲೇಜಿನ ಪೇಜಲ್ಲಿದೆ. ಈಗ ಬದಲಾಯಿಸಿದ್ರೆ ಯಾರು ನಂಬ್ತಾರೆ? ಹಿತೇಶ್‌ಗೆ ತೊಂದರೆ ಆಗತ್ತೆ, ಕ್ಯಾಂಟೀನ್ ಟೆಂಡರ್ ಬೇರೆ ಹತ್ರ ಬಂತು. ಹೋದ ಮರ ಹೋಯ್ತು, ಬಿಟ್ಬಿಡಿ.”

“ಆ ಎರಡನೆಯ ಹಂತ?”

ಅವರು ಕಡತದ ಕೊನೆಯ ಹಾಳೆ ತಿರುಗಿಸಿ ಬೆರಳಿಟ್ಟರು. ದೂಜಣ್ಣನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂದು ನೆನಪಾಗಿ ತಾವೇ ಓದಿದರು. ಮರದ ಸಾವಿಗೆ ಕ್ಯಾಂಟೀನ್ ನೌಕರನ ಕೃತ್ಯವೇ ಕಾರಣವೆಂದು ಆತನ ಲಿಖಿತ ಹೇಳಿಕೆಯಿಂದ ಸಾಬೀತಾಗಿರುವುದರಿಂದ, ನೆಲಹಾಸಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ಮುಂದಿನ ಅಂಗಳದ ಹದಿನೇಳು ಮರಗಳ ಸುತ್ತ ಕಾಮಗಾರಿ ಮುಂದುವರಿಸಬಹುದು.

ದೂಜಣ್ಣ ಇಳಿದು ಬಂದ. ಮುಂದಿನ ಅಂಗಳದಲ್ಲಿ ಆಗಲೇ ಒಂದು ಲಾರಿ ನಿಂತಿತ್ತು, ಬ್ಲಾಕುಗಳನ್ನು ಇಳಿಸಿ ನೇರಳೆ ಮರದ ನೆರಳಿನಲ್ಲಿ ಒಪ್ಪವಾಗಿ ಜೋಡಿಸುತ್ತಿದ್ದರು. ಹೊಂಗೆಯ ಬುಡದಲ್ಲಿ ಸುಣ್ಣದ ಗೆರೆ ಎಳೆದಾಗಿತ್ತು. ವಿನೋದಿನಿ ಮೇಡಂ ಕಾರು ಹತ್ತುವುದರಲ್ಲಿದ್ದರು. ಅವನು ಓಡಿ ಹೋಗಿ, ಕೈ ಮುಗಿದು, ಹಿಂದಿಯಲ್ಲಿ, “ಮೇಡಂ, ಇದು ಬೇಡ, ಆ ಮರ ನನ್ನಿಂದ ಸತ್ತದ್ದಲ್ಲ” ಎಂದ. ಅವರು ಅವನ ಭುಜ ತಟ್ಟಿದರು. “ದೂಜಾಜೀ, ನಿಮ್ಮನ್ನು ನಾವು ಕ್ಷಮಿಸಿ ಆಯಿತಲ್ಲ. ಇನ್ನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಹೇಳಿ ಕಾರಿನ ಬಾಗಿಲು ಎಳೆದುಕೊಂಡರು.

ಸಂಜೆ ಮನೆಗೆ ಬಂದವನು ಕೈಕಾಲು ತೊಳೆಯದೆ ಬಾಗಿಲ ಹತ್ತಿರವೇ ಕೂತ. ಪ್ರಫುಲ್ಲಾ ನೀರು ತಂದಿಟ್ಟು ಕೇಳಿದಳು. ಕತ್ತಿಯ ವಿಷಯವನ್ನೂ ಸೇರಿಸಿ ಮೊದಲ ಸಲ ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳುತ್ತ ಕೇಳುತ್ತ ಬೇರಿನ ಮಾತಿಗೆ ಬಂದಾಗ ದೊಡ್ಡ ಉಸಿರು ಬಿಟ್ಟಳು.

“ದೇವರು ದೊಡ್ಡವನು. ನೀವು ಕೊಂದದ್ದಲ್ಲ ಅಂತ ಗೊತ್ತಾಯಿತಲ್ಲ, ಅಷ್ಟು ಸಾಕು. ಮೂರು ತಿಂಗಳಿಂದ ಸರಿ ಊಟ ಇಲ್ಲ ನಿಮಗೆ. ಏಳಿ, ಬಡಿಸ್ತೇನೆ.”

“ಅದನ್ನು ನಾನು ಕೊಂದದ್ದಲ್ಲ,” ಎಂದ ದೂಜಣ್ಣ. “ಇನ್ನು ಹದಿನೇಳು ಉಂಟು. ಅವುಗಳನ್ನು ನಾನೇ ಕೊಂದದ್ದು. ಕಾಗದದ ಕೆಳಗೆ ನನ್ನ ಸೈನ್ ಉಂಟು.”

ಪ್ರಫುಲ್ಲಾ ತಟ್ಟೆ ಹಾಕಿ ಅನ್ನ ಬಡಿಸಿದಳು. ಅವನು ಏಳಲಿಲ್ಲ.